ಮೋಲಿಯೇರನ ಸೇವಕ ಪಾತ್ರಗಳು ಮತ್ತು ನಟ ಕೊಕ್ಲ್ಯಾಂ: ಅದೇ ಹಾಸ್ಯವನ್ನು ವರ್ಷಗಟ್ಟಲೆ ಆಡುವುದು ಹೇಗೆ?

ರಂಗಾಸಕ್ತ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಹತ್ತು ಹನ್ನೆರಡು ಮಂದಿ ಹವ್ಯಾಸಿಗಳು ಸೇರಿ ಹದಿನೇಳನೆಯ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರನ ಸ್ಕಾಪಿನ್ ನಾಟಕವನ್ನು (ಸ್ಕಾಪಿನ್ ಎಂಬ ಚಾಲಾಕಿ ಸೇವಕನ ಕಥೆ) ಕನ್ನಡಕ್ಕೆ ಹೊಂದಿಸಿಕೊಂಡು ತಾಲೀಮು ನಡೆಸುತ್ತಿದ್ದೇವೆ. ಎಲ್ಲವೂ ಕೂಡಿಬಂದರೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಸಂಜೆ ಆಡಬೇಕೆಂಬ ಆಸೆಯಿದೆ. ಮೊದಲ ಓದಿನ ದಿನ ನಮ್ಮ ಸ್ಕಾಪಿನ್ ಪಾತ್ರಧಾರಿ ಬಾಯಿ ತೆರೆದರೆ ಸಾಕು, ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಇಪ್ಪತ್ತನೆಯ ತಾಲೀಮಿನ ಹೊತ್ತಿಗೆ ಯಾರೂ ನಗುತ್ತಿಲ್ಲ. ಅವನಿಗೂ ತನ್ನ ಮಾತು ಸಪ್ಪೆ ಎನಿಸತೊಡಗಿದೆ. ಆ ಸಪ್ಪೆಯನ್ನು ನೀಗಿಸಲು ದಿನಕ್ಕೊಂದು ಹೊಸ ಚೇಷ್ಟೆ ಸೇರಿಸುತ್ತಾನೆ, ನಾಟಕ ಉದ್ದವಾಗುತ್ತಿದೆಯೇ ಹೊರತು ನಗು ಮರಳುತ್ತಿಲ್ಲ.

ನಾನು ಬೆಳೆದದ್ದು ಪೌರಾಣಿಕ ನಾಟಕಗಳ ನಡುವೆ. ಕುರುಕ್ಷೇತ್ರ ಆಡುವುದೆಂದರೆ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲೇ ಉಳಿದು ಕಲಿಸುತ್ತಿದ್ದರು. ಶಕುನಿಯ ಪಾತ್ರಧಾರಿ ಪ್ರತಿ ವರ್ಷವೂ ಅದೇ ಮಾತನ್ನು ಅದೇ ಕಡೆಗೆ ತಿರುಗಿ ಹೇಳಿದರೂ ಜನ ನಗುತ್ತಿದ್ದರು, ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಆದ್ದರಿಂದ ಪುನರಾವರ್ತನೆಯೇ ನಗುವನ್ನು ಕೊಲ್ಲುತ್ತದೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕೊಕ್ಲ್ಯಾಂ ಎಂಬ ನಟ ಇಂಥ ಸೇವಕ ಪಾತ್ರಗಳನ್ನೇ ದಶಕಗಳ ಕಾಲ ಆಡಿದನೆಂದು ಓದಿದ್ದೇನೆ. ಅವನ ಕಾಲಕ್ಕಾಗಲೇ ಆ ನಾಟಕಗಳಿಗೆ ಸುಮಾರು ಇನ್ನೂರು ವರ್ಷ ವಯಸ್ಸಾಗಿತ್ತು, ಪ್ರೇಕ್ಷಕರಿಗೆ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಅಂಥ ನಟನ ಬದುಕು ಹೇಗಿತ್ತು? ಯಾರಿಂದ ಕಲಿಯುತ್ತಿದ್ದ, ಸಂಬಳ ಹೇಗೆ ಬರುತ್ತಿತ್ತು, ಸ್ವಂತವಾಗಿ ಏನನ್ನಾದರೂ ಸೇರಿಸಲು ಅವನಿಗೆ ಅವಕಾಶವಿತ್ತೇ? ಎಲ್ಲಕ್ಕಿಂತ ಮುಖ್ಯವಾಗಿ, ಅವನಿಗೆ ತನ್ನ ಪಾತ್ರ ಕಂಡು ನಗು ಬರುತ್ತಿತ್ತೇ?

ಓದುಗ, ಅರಕಲಗೂಡು

ಮೊದಲು ಅವನ ಬದುಕಿನ ವಿವರಗಳನ್ನು ಹೇಳಿಬಿಡುತ್ತೇನೆ. ಉತ್ತರದ ಅರ್ಧಭಾಗ ಅಲ್ಲೇ ಇದೆ. ಕೋನ್ಸ್ತಾಂ ಕೊಕ್ಲ್ಯಾಂ ಹುಟ್ಟಿದ್ದು 1841ರ ಜನವರಿ 23ರಂದು, ಉತ್ತರ ಫ್ರಾನ್ಸಿನ ಬಂದರು ಪಟ್ಟಣವಾದ ಬುಲೋನ್‌ನಲ್ಲಿ. ತಂದೆ ಬ್ರೆಡ್ಡು ಬೇಯಿಸಿ ಮಾರುವವನು. ಹುಡುಗ 1859ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಯಾದ ಕಾನ್ಸರ್ವೇಟ್ವಾರ್ ಸೇರಿ ರೆನ್ಯೇ ಎಂಬ ನಟನ ಶಿಷ್ಯನಾದ. 1860ರ ಡಿಸೆಂಬರ್ 7ರಂದು ಮೋಲಿಯೇರನ ನಾಟಕವೊಂದರಲ್ಲಿ ಗ್ರೋ ರೆನೇ ಎಂಬ ಸೇವಕನಾಗಿ ಕೊಮೆದಿ ಫ್ರಾನ್ಸೇಸ್ ರಂಗಮಂದಿರದ ಮೆಟ್ಟಿಲು ಹತ್ತಿದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮರುವರ್ಷವೇ ಬೊಮಾರ್ಶೆ ಎಂಬ ನಾಟಕಕಾರ ಸೃಷ್ಟಿಸಿದ ಫಿಗರೋ ಎಂಬ ಸೇವಕನ ಪಾತ್ರ ಅವನ ಕೈಗೆ ಬಂತು.

ಆ ಸಂಸ್ಥೆಯ ಸ್ವರೂಪ ತಿಳಿಯದೆ ಅವನ ಬದುಕು ಅರ್ಥವಾಗುವುದಿಲ್ಲ. ಹದಿನಾಲ್ಕನೆಯ ಲೂಯಿ 1680ರಲ್ಲಿ ಸ್ಥಾಪಿಸಿದ ಈ ಮಂಡಳಿಗೆ ನೆಪೋಲಿಯನ್ 1812ರ ಅಕ್ಟೋಬರ್ 15ರಂದು, ಮಾಸ್ಕೋದಲ್ಲಿ ಬೀಡುಬಿಟ್ಟಿದ್ದಾಗ, ಹೊಸ ನಿಯಮಾವಳಿ ಬರೆದು ಸಹಿ ಹಾಕಿದ. ಊರು ಸುಟ್ಟು ಬೂದಿಯಾಗಿರುವಾಗ, ಸೈನ್ಯ ಹಿಮ್ಮೆಟ್ಟುವುದಕ್ಕೆ ಕೆಲವೇ ದಿನಗಳಿರುವಾಗ, ನಾಟಕದವರ ಪಾಲು ಲೆಕ್ಕ ಹಾಕುತ್ತ ಕುಳಿತವನ ಮನಸ್ಥಿತಿ ಎಂಥದ್ದೋ! ಅದೇನೇ ಇರಲಿ, ಆ ನಿಯಮದಂತೆ ನಟರಲ್ಲಿ ಎರಡು ಬಗೆ: ನಿಗದಿತ ಸಂಬಳಕ್ಕೆ ದುಡಿಯುವವರು ಒಂದೆಡೆ, ಆದಾಯದಲ್ಲಿ ಪಾಲು ಪಡೆಯುವ ಪಾಲುದಾರ ನಟರು ಇನ್ನೊಂದೆಡೆ. ಖರ್ಚು ಕಳೆದು ಉಳಿದ ಆದಾಯವನ್ನು 24 ಪಾಲು ಮಾಡುತ್ತಿದ್ದರು. ಹೊಸದಾಗಿ ಬಂದ ಪಾಲುದಾರನಿಗೆ ಮೊದಲು ಸಿಗುತ್ತಿದ್ದದ್ದು ಪಾಲಿನ ಒಂದು ತುಣುಕು ಮಾತ್ರ. ಅವನು ಇಪ್ಪತ್ತು ವರ್ಷ ಸೇವೆ ಸಲ್ಲಿಸುವುದಾಗಿ ಒಪ್ಪಿಕೊಳ್ಳಬೇಕಿತ್ತು, ಅದು ಮುಗಿದ ಮೇಲೆ ಪಿಂಚಣಿಯಿತ್ತು. ಕೊಕ್ಲ್ಯಾಂ 1864ರಲ್ಲಿ, ಅಂದರೆ 23ನೆಯ ವಯಸ್ಸಿಗೇ, ಪಾಲುದಾರನಾದ.

ನಮ್ಮಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ನಮ್ಮ ಕಂಪನಿಯ ನಟ ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತ, ಮಳೆ ಬಂದರೆ ಗಲ್ಲಾಪೆಟ್ಟಿಗೆ ಖಾಲಿ ಎಂಬ ಭಯದಲ್ಲೇ ಬದುಕಬೇಕಾಗಿದ್ದ ಕಾಲದಲ್ಲಿ ಕೊಕ್ಲ್ಯಾಂನಂಥವನಿಗೆ ಒಂದೇ ಮನೆ, ಒಂದೇ ವೇದಿಕೆ, ಮುಪ್ಪಿಗೊಂದು ಭರವಸೆ ಇತ್ತು. ಇನ್ನೊಂದು ವ್ಯತ್ಯಾಸ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು. ಅಲ್ಲಿ ಒಂದೇ ನಾಟಕವನ್ನು ಸತತವಾಗಿ ನೂರು ದಿನ ಆಡುವ ಪದ್ಧತಿ ಇರಲಿಲ್ಲ. ಸಂಗ್ರಹದಲ್ಲಿದ್ದ ನಾಟಕಗಳನ್ನು ಸರದಿಯಂತೆ ಬದಲಿಸುತ್ತಿದ್ದರು. ಇಂದು ಮೋಲಿಯೇರ್, ನಾಳೆ ಇನ್ನೊಬ್ಬ. ಪಾತ್ರ ಒಂದಷ್ಟು ದಿನ ಮಲಗಿ ಎದ್ದು ಬರುತ್ತಿತ್ತು. ನಿಮ್ಮ ಇಪ್ಪತ್ತು ತಾಲೀಮುಗಳು ಒಂದೇ ಉಸಿರಿನಲ್ಲಿ ನಡೆದಿವೆಯಲ್ಲವೇ?

ಮಲೆನಾಡಿಗ, ಕೊಪ್ಪ

ಅರಕಲಗೂಡಿನವರ ಮಾತಿಗೆ ನನ್ನದೊಂದು ಸೇರ್ಪಡೆ, ಜೊತೆಗೊಂದು ತಕರಾರು.

ಸೇರ್ಪಡೆ ಇದು. ಆ ರಂಗಮಂದಿರದಲ್ಲಿ ನಟನನ್ನು ಪಾತ್ರಕ್ಕೆ ಮಾತ್ರವಲ್ಲ, ಪಾತ್ರದ ಜಾತಿಗೇ ಸೇರಿಸಿಕೊಳ್ಳುತ್ತಿದ್ದರು. ಯುವಪ್ರೇಮಿ, ಗಂಭೀರ ತಂದೆ, ಚುರುಕು ದಾಸಿ, ಸೇವಕ ಹೀಗೆ ವರ್ಗಗಳಿದ್ದು, ನಟನ ಮೈಕಟ್ಟು ಮತ್ತು ಕಂಠ ಅವನ ವರ್ಗವನ್ನು ನಿರ್ಧರಿಸುತ್ತಿದ್ದವು. ಯಕ್ಷಗಾನ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ಯುವವೀರರ ಪುಂಡುವೇಷದವನು ರಾಕ್ಷಸರ ಬಣ್ಣದ ವೇಷಕ್ಕೆ ಕೈ ಹಾಕುವುದಿಲ್ಲ, ಹಾಸ್ಯಗಾರನ ಸ್ಥಾನ ಮೇಳದಲ್ಲಿ ಪ್ರತ್ಯೇಕವಾದದ್ದು. ಕೊಕ್ಲ್ಯಾಂನ ಮೂಗು ಮೇಲಕ್ಕೆ ತಿರುಗಿತ್ತು, ಮುಖ ಅಗಲವಾಗಿತ್ತು, ಧ್ವನಿ ಕಹಳೆಯಂತೆ ಸಭಾಂಗಣದ ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಪ್ರೇಮಿಯ ಪಾತ್ರ ಅವನಿಗೆ ಒಲಿಯುವಂತಿರಲಿಲ್ಲ. ಸೇವಕ ವರ್ಗಕ್ಕೆ ಅದಕ್ಕಿಂತ ಒಳ್ಳೆಯ ಮುಖ ಬೇಕಿರಲಿಲ್ಲ. ಅವನು ಆಡಿದ ಮಸ್ಕರಿಯ್ ಎಂಬ ಸೇವಕ ಯಜಮಾನನ ಉಡುಪು ತೊಟ್ಟು, ಪಲ್ಲಕ್ಕಿಯಲ್ಲಿ ಬಂದಿಳಿದು, ತಾನೇ ಜಹಗೀರುದಾರನೆಂದು ಇಬ್ಬರು ಹುಡುಗಿಯರನ್ನು ನಂಬಿಸುತ್ತಾನೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ನಮ್ಮ ‘ಮಸ್ಕಿರಿ’ ನೆನಪಾಗುತ್ತದೆ, ಆದರೆ ಅದು ಪುಟ್ಟ ಮುಖವಾಡ ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು.

ತಕರಾರು ಇಲ್ಲಿದೆ. ನಮ್ಮ ಹಾಸ್ಯಗಾರ ಅಂದಿನ ಸಭೆಯನ್ನು ನೋಡಿ ಅಂದಿನ ಮಾತು ಕಟ್ಟುತ್ತಾನೆ. ನಳನ ಕಥೆಯ ಬಾಹುಕನ ಪಾತ್ರವನ್ನು ಹತ್ತು ಸಲ ನೋಡಿದರೆ ಹತ್ತು ಬಗೆಯ ಮಾತು ಕೇಳುತ್ತೇವೆ, ಆದ್ದರಿಂದಲೇ ಅದು ಹಳಸುವುದಿಲ್ಲ. ಫ್ರೆಂಚ್ ನಟನ ಬಾಯಿಯಲ್ಲಿದ್ದದ್ದು ಮೋಲಿಯೇರ್ ಬರೆದಿಟ್ಟ ಮಾತು. ಅದರಲ್ಲಿ ಒಂದಕ್ಷರ ಬದಲಿಸಿದರೂ ಪ್ರೇಕ್ಷಕರು ಗುರುತಿಸುತ್ತಿದ್ದರು. ಅಂಥಲ್ಲಿ ನಟನಿಗೆ ಉಳಿಯುವುದೇನು? ನಿಮ್ಮ ಸ್ಕಾಪಿನ್ ದಿನಕ್ಕೊಂದು ಚೇಷ್ಟೆ ಸೇರಿಸುತ್ತಿರುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಅವನು ನಮ್ಮ ಹಾಸ್ಯಗಾರನ ದಾರಿಯಲ್ಲೇ ಇದ್ದಾನೆ.

ಓದುಗ, ಅರಕಲಗೂಡು

ಕೊಪ್ಪದವರ ತಕರಾರಿಗೆ ನಮ್ಮ ತಾಲ್ಲೂಕಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ರುದ್ರಪಟ್ಟಣದ ಸಂಗೀತಗಾರರ ಮನೆಗಳಲ್ಲಿ ಕೃತಿಯ ಸಾಹಿತ್ಯವನ್ನು ಯಾರೂ ಬದಲಿಸುವುದಿಲ್ಲ, ಆದರೆ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ರೀತಿಗಳು, ಗುರುವಿನಿಂದ ಶಿಷ್ಯನಿಗೆ ಬರುತ್ತವೆ. ಶಿಷ್ಯ ಅವನ್ನು ಮೊದಲು ಇದ್ದಂತೆಯೇ ಹಾಡಿ, ಅವು ಗಂಟಲಿಗೆ ಒಗ್ಗಿದ ಬಳಿಕ ಒಂದೋ ಎರಡೋ ತನ್ನದನ್ನು ಸೇರಿಸುತ್ತಾನೆ. ಕೊಮೆದಿ ಫ್ರಾನ್ಸೇಸ್‌ನಲ್ಲಿ ಇದ್ದದ್ದೂ ಇದೇ. ಪುಸ್ತಕದಲ್ಲಿ ಮಾತು ಮಾತ್ರ ಇತ್ತು. ಎಲ್ಲಿ ನಿಲ್ಲಬೇಕು, ಟೋಪಿಯನ್ನು ಯಾವಾಗ ತೆಗೆಯಬೇಕು, ಏಟು ಬೀಳುವ ಮುನ್ನ ಎಷ್ಟು ಹೊತ್ತು ತಡೆಯಬೇಕು ಎಂಬುದೆಲ್ಲ ನಟನಿಂದ ನಟನಿಗೆ ಹರಿದುಬಂದ ಸೊತ್ತಾಗಿತ್ತು. ಅವರು ಅದನ್ನು ‘ಸಂಪ್ರದಾಯ’ ಎಂದೇ ಕರೆಯುತ್ತಿದ್ದರು. ಕೊಕ್ಲ್ಯಾಂಗೆ ಕಲಿಸಿದ ರೆನ್ಯೇ ಕೂಡ ಅದೇ ವೇದಿಕೆಯ ಹಾಸ್ಯನಟ. ಮೋಲಿಯೇರ್ ತಾನೇ ಇಟಲಿಯ ಮುಖವಾಡದ ನಟರನ್ನು ನೋಡಿ ಕಲಿತವನು, ಅವರೊಂದಿಗೆ ಒಂದೇ ರಂಗಮಂದಿರವನ್ನು ಹಂಚಿಕೊಂಡು ಆಡಿದವನು. ಆ ಇಟಲಿಯವರು ನಿಮ್ಮ ಹಾಸ್ಯಗಾರರಂತೆಯೇ ಆಶುವಾಗಿ ಮಾತು ಕಟ್ಟುತ್ತಿದ್ದರು. ಅಂದಿನ ಆಶು ಚೇಷ್ಟೆಗಳಲ್ಲಿ ಗೆದ್ದವು ಉಳಿದವು, ಸೋತವು ಬಿದ್ದುಹೋದವು. ಹೀಗೆ ಜರಡಿ ಹಿಡಿದು ಉಳಿದದ್ದೇ ಕೊಕ್ಲ್ಯಾಂ ಕೈಗೆ ಬಂದದ್ದು.

ಹಾಸನದ ಆ ಯುವಕ ಹೊಸದನ್ನು ಸೇರಿಸುವುದರಲ್ಲಿ ತಪ್ಪಿಲ್ಲ. ಆದರೆ ಹಿಂದಿನ ದಿನದ್ದನ್ನು ಪಕ್ಕಾ ಮಾಡಿಕೊಳ್ಳದೆ ಮುಂದಿನದಕ್ಕೆ ಹೋಗುತ್ತಿದ್ದಾನೆ, ಅದು ಸರಿಯಲ್ಲ. ಸ್ವರವೇ ಕೂಡದೆ ಸಂಗತಿ ಹಾಕಿದಂತಾಗುತ್ತದೆ.

ನಿವೃತ್ತ ಅಧ್ಯಾಪಕಿ, ಚಿಕ್ಕಮಗಳೂರು

ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ನಾನು ಬರೆಯುತ್ತಿದ್ದೇನೆ. ಅವನಿಗೆ ನಗು ಬರುತ್ತಿತ್ತೇ? ಬರಬಾರದು ಎಂಬುದು ಕೊಕ್ಲ್ಯಾಂನ ಖಚಿತ ನಿಲುವಾಗಿತ್ತು, ಆ ಕಾಲದ ದೊಡ್ಡ ಜಗಳಗಳಲ್ಲಿ ಅದೂ ಒಂದು.

ಹಿನ್ನೆಲೆ ಹೀಗಿದೆ. ಹದಿನೆಂಟನೆಯ ಶತಮಾನದ ತತ್ತ್ವಜ್ಞಾನಿ ದಿದರೋ, ಪ್ರೇಕ್ಷಕರನ್ನು ಅಳಿಸುವ ನಟ ತಾನು ಅಳುವುದಿಲ್ಲ, ಅವನ ತಲೆ ತಣ್ಣಗಿರುತ್ತದೆ ಎಂದು ವಾದಿಸಿ ಒಂದು ಸಂವಾದ ಬರೆದಿಟ್ಟಿದ್ದ. ಅದು ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1830ರಲ್ಲಿ. ಕೊಕ್ಲ್ಯಾಂ 1880ರಲ್ಲಿ ನಟನ ಕಲೆಯ ಬಗ್ಗೆ ಒಂದು ಪುಸ್ತಿಕೆ ಪ್ರಕಟಿಸಿ ಈ ಪಕ್ಷವನ್ನು ಎತ್ತಿಹಿಡಿದ. ಚಿತ್ರಕಾರನಿಗೆ ಬಣ್ಣವಿದೆ, ಶಿಲ್ಪಿಗೆ ಜೇಡಿಮಣ್ಣಿದೆ, ಆದರೆ ನಟನಿಗೆ ಅವನ ಸ್ವಂತ ದೇಹವೇ ಸಾಮಗ್ರಿ. ಆದ್ದರಿಂದ ಅವನೊಳಗೆ ಇಬ್ಬರಿರಬೇಕು ಎಂಬುದು ಅವನ ವಾದದ ತಿರುಳು. ಒಬ್ಬ ಪಾತ್ರವನ್ನು ಕಲ್ಪಿಸಿ ಆಜ್ಞೆ ಮಾಡುತ್ತಾನೆ, ಇನ್ನೊಬ್ಬ ಅದನ್ನು ಮಾಡಿ ತೋರಿಸುತ್ತಾನೆ. ಸಭೆ ನಗೆಯಲ್ಲಿ ಮುಳುಗಿದ್ದಾಗಲೂ ಮೊದಲನೆಯವನು ಎಚ್ಚರವಾಗಿದ್ದು ಎರಡನೆಯವನ ಲಗಾಮು ಹಿಡಿದಿರಬೇಕು. ಇಂಗ್ಲೆಂಡಿನ ಪ್ರಸಿದ್ಧ ನಟ ಹೆನ್ರಿ ಅರ್ವಿಂಗ್ ಇದನ್ನು ಒಪ್ಪಲಿಲ್ಲ. ಭಾವ ತನ್ನೊಳಗೆ ಹುಟ್ಟದಿದ್ದರೆ ಪ್ರೇಕ್ಷಕನಲ್ಲಿ ಹುಟ್ಟದು ಎಂಬ ಪಕ್ಷ ಅವನದು. 1880ರ ದಶಕದಲ್ಲಿ ಇಬ್ಬರ ನಡುವೆ ಪತ್ರಿಕೆಗಳಲ್ಲೇ ವಾಗ್ವಾದ ನಡೆಯಿತು. ವಿಲಿಯಂ ಆರ್ಚರ್ ಎಂಬ ವಿಮರ್ಶಕ ನಟನಟಿಯರಿಗೆ ಪ್ರಶ್ನಾವಳಿಯನ್ನೇ ಕಳುಹಿಸಿ ಉತ್ತರ ಸಂಗ್ರಹಿಸಿದ.

ದುರಂತ ನಾಟಕದ ವಿಷಯದಲ್ಲಿ ನನಗೆ ಅರ್ವಿಂಗ್ ಮಾತೇ ಹೆಚ್ಚು ಹಿಡಿಸುತ್ತದೆ. ಹಾಸ್ಯದ ವಿಷಯದಲ್ಲಿ ಮಾತ್ರ ಕೊಕ್ಲ್ಯಾಂ ಹೇಳಿದ್ದು ಸರಿ, ಇದಕ್ಕೆ ನಮ್ಮಲ್ಲೇ ಆಧಾರವಿದೆ. ನಾಟ್ಯಶಾಸ್ತ್ರವು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತದೆ: ತಾನು ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ತಾಲೀಮಿನ ಮೊದಲ ದಿನ ನಿಮ್ಮ ತಂಡದಲ್ಲಿದ್ದದ್ದು ಮೊದಲನೆಯದು, ಗೆಳೆಯರ ನಡುವಿನ ನಗು, ಅದು ತೀರಿಹೋಗಲೇಬೇಕು. ಸ್ಕಾಪಿನ್‌ನನ್ನೇ ತೆಗೆದುಕೊಳ್ಳಿ. ಮುದಿ ಯಜಮಾನನ ಹಣ ಕೀಳಲು ಸುಳ್ಳಿನ ಮೇಲೆ ಸುಳ್ಳು ಕಟ್ಟುವವನು ಅವನು. ತನ್ನ ಸುಳ್ಳಿಗೆ ತಾನೇ ನಕ್ಕರೆ ಮುದುಕ ನಂಬುತ್ತಾನೆಯೇ? ಆ ಪಾತ್ರಕ್ಕೆ ಇದು ಗಂಭೀರವಾದ ಉದ್ಯೋಗ. ನಿಮ್ಮ ಹುಡುಗನಿಗೆ ತನ್ನ ಮಾತು ಸಪ್ಪೆ ಎನ್ನಿಸಿದ ದಿನದಿಂದಲೇ ಅವನು ಅದನ್ನು ಆಡಲು ಯೋಗ್ಯನಾದ ಎಂದು ನಾನು ಭಾವಿಸುತ್ತೇನೆ.

ರಂಗಾಸಕ್ತ, ಹಾಸನ

ಅಧ್ಯಾಪಕಿಯವರ ಮಾತನ್ನು ನಿನ್ನೆಯ ತಾಲೀಮಿನಲ್ಲಿ ಓದಿ ಹೇಳಿದೆ. ನಮ್ಮ ಸ್ಕಾಪಿನ್ ಅರ್ಧ ಸಮಾಧಾನಗೊಂಡು, ಇಷ್ಟು ಭದ್ರವಾದ ಮನೆ, ಪಾಲು, ಪಿಂಚಣಿ ಇದ್ದ ಮೇಲೆ ಆ ಮನುಷ್ಯ ಕೊನೆಯವರೆಗೂ ಅಲ್ಲೇ ಸುಖವಾಗಿದ್ದನೇ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ.

ಕಾಫಿ ಬೆಳೆಗಾರ, ಸಕಲೇಶಪುರ

ಇರಲಿಲ್ಲ. ಅದೇ ಪಾಲು ಅವನಿಗೆ ಸಂಕೋಲೆಯಾಯಿತು. ಪಾಲುದಾರ ನಟ ತನ್ನಿಷ್ಟದಂತೆ ಹೊರದೇಶಗಳಲ್ಲಿ ಆಡುವಂತಿರಲಿಲ್ಲ; ಹೊರಗೆ ಸಿಗುತ್ತಿದ್ದ ಹಣವೂ ಹೆಸರೂ ಕಣ್ಣು ಕುಕ್ಕುತ್ತಿದ್ದವು. ಅದೇ ಮಂಡಳಿಯ ಹೆಸರಾಂತ ನಟಿ ಸಾರಾ ಬರ್ನ್‌ಹಾರ್ಟ್ 1880ರಲ್ಲೇ ಸಿಟ್ಟಿಗೆದ್ದು ಹೊರನಡೆದು, ಒಪ್ಪಂದ ಮುರಿದದ್ದಕ್ಕೆ ಒಂದು ಲಕ್ಷ ಫ್ರಾಂಕ್ ದಂಡಕ್ಕೆ ಗುರಿಯಾಗಿದ್ದಳು. (ಅಲ್ಲಿನ ಸ್ತ್ರೀಪಾತ್ರಗಳನ್ನು ಮೋಲಿಯೇರನ ಕಾಲದಿಂದಲೂ ಬಹುಮಟ್ಟಿಗೆ ಹೆಂಗಸರೇ ಆಡುತ್ತಿದ್ದರು, ನಮ್ಮ ಕಂಪನಿಗಳಂತಲ್ಲ.) ಕೊಕ್ಲ್ಯಾಂ ಇಪ್ಪತ್ತಾರು ವರ್ಷ ಆಡಿ 1886ರಲ್ಲಿ ಬಿಟ್ಟ, ಯುರೋಪು ಸುತ್ತಿದ, 1888ರಲ್ಲಿ ಅಮೆರಿಕಕ್ಕೆ ಹೋದ, 1890ರಲ್ಲಿ ಸಂಬಳದ ನಟನಾಗಿ ಮರಳಿದ, 1892ರಲ್ಲಿ ಮತ್ತೆ ಬಿಟ್ಟ. ಅವನ ತಮ್ಮ ಎರ್ನೆಸ್ಟ್ ಕೂಡ ಅದೇ ಮಂಡಳಿಯ ಹಾಸ್ಯನಟ, ಏಕಾಂಗಿ ಮಾತುಗಾರಿಕೆಯಲ್ಲಿ ಹೆಸರುವಾಸಿ. ಅವನು ಮಾತ್ರ ಅಲ್ಲೇ ಉಳಿದ.

ಸ್ಕಾಪಿನ್ ಆಡುತ್ತಿರುವವರಿಗೆ ಹಿಡಿಸಬಹುದಾದ ಒಂದು ಸಂಗತಿ ಇಲ್ಲಿದೆ. ನಿಮ್ಮ ನಾಟಕದಲ್ಲಿ, ಮಗನನ್ನು ತುರ್ಕರು ಹಡಗಿಗೆ ಹತ್ತಿಸಿಕೊಂಡು ಹೋದರು, ಹಣ ಕೊಟ್ಟರೆ ಬಿಡುತ್ತಾರೆ ಎಂದು ಸ್ಕಾಪಿನ್ ಕಥೆ ಕಟ್ಟಿದಾಗ ಜಿಪುಣ ತಂದೆ ಜೆರೋಂತ್, ಆ ಹಡಗಿಗೆ ಅವನು ಹೋದದ್ದಾದರೂ ಯಾಕೆ ಎಂದು ಮತ್ತೆ ಮತ್ತೆ ಗೋಳಾಡುತ್ತಾನಲ್ಲ, ಆ ಪ್ರಸಂಗವನ್ನು ಮೋಲಿಯೇರ್ ತೆಗೆದುಕೊಂಡದ್ದು ಸಿರಾನೋ ದ ಬೆರ್ಜೆರಾಕ್ ಎಂಬ ಲೇಖಕನ ನಾಟಕದಿಂದ. ಆ ಸಿರಾನೋ 1655ರಲ್ಲಿ ಸತ್ತ. ಸ್ಕಾಪಿನ್ ನಾಟಕ ಮೊದಲು ಪ್ರದರ್ಶನಗೊಂಡದ್ದು 1671ರ ಮೇ 24ರಂದು. ಎರಡು ಶತಮಾನ ಕಳೆದ ಮೇಲೆ ರೋಸ್ತಾಂ ಎಂಬ ತರುಣ ಕವಿ ಅದೇ ಸಿರಾನೋನನ್ನು ನಾಯಕನನ್ನಾಗಿಸಿ ಹೊಸ ನಾಟಕ ಬರೆದ, 1897ರ ಡಿಸೆಂಬರಿನಲ್ಲಿ ಪೋರ್ತ್ ಸಾಂ ಮಾರ್ತಾಂ ರಂಗಮಂದಿರದಲ್ಲಿ ಆ ಪಾತ್ರವನ್ನು ಮೊದಲು ಆಡಿದವನು ಕೊಕ್ಲ್ಯಾಂ. ಕೊನೆಯ ಅಂಕದಲ್ಲಿ, ಮೋಲಿಯೇರ್ ನಿನ್ನ ದೃಶ್ಯವನ್ನು ಕದ್ದ ಎಂದು ಸಾಯುತ್ತಿರುವ ಸಿರಾನೋಗೆ ಗೆಳೆಯನೊಬ್ಬ ಹೇಳುತ್ತಾನೆ. ಆ ದೃಶ್ಯ ಜನರಿಗೆ ಚೆನ್ನಾಗಿ ನಾಟಿತಲ್ಲವೇ ಎಂದು ಸಿರಾನೋ ಕೇಳುತ್ತಾನೆ, ಜನ ನಕ್ಕರು, ನಕ್ಕರು ಎಂದು ಉತ್ತರ ಬರುತ್ತದೆ. ವರ್ಷಗಳ ಲೆಕ್ಕ ಹಿಡಿದರೆ ಇದು ತಪ್ಪು, 1655ರಲ್ಲಿ ಸ್ಕಾಪಿನ್ ಎಲ್ಲಿದ್ದ? ಆದರೂ ಜೀವನವಿಡೀ ಸ್ಕಾಪಿನ್ ಆಡಿದವನ ಬಾಯಲ್ಲಿ ಆ ಪ್ರಶ್ನೆ ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ ನೋಡಿ. ರೋಸ್ತಾಂ ಆ ನಾಟಕವನ್ನು ಕೊಕ್ಲ್ಯಾಂಗೇ ಅರ್ಪಿಸಿದ.

ಮುಂದೆ ಅವನು ಪೋಂ ಓ ದಾಮ್ ಎಂಬಲ್ಲಿ ವೃದ್ಧ ನಟರಿಗಾಗಿ ಒಂದು ಆಶ್ರಯಧಾಮ ಕಟ್ಟಿಸಿದ. ರೋಸ್ತಾಂನ ಇನ್ನೊಂದು ಹೊಸ ನಾಟಕಕ್ಕೆ ಸಿದ್ಧನಾಗುತ್ತಿದ್ದಾಗಲೇ, 1909ರ ಜನವರಿ 27ರಂದು ಅಲ್ಲಿಯೇ ತೀರಿಕೊಂಡ. ಅದಾದ ಕೆಲವೇ ದಿನಗಳಲ್ಲಿ ತಮ್ಮನೂ ಹೋದ.

ಮಲೆನಾಡಿಗ, ಕೊಪ್ಪ

ಸಂಗತಿಯ ಉಪಮೆಗೆ ನಾನು ಸೋತೆ ಎಂದು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ಜೆರೋಂತ್‌ನನ್ನು ಚೀಲದಲ್ಲಿ ತುಂಬಿ, ಸ್ಕಾಪಿನ್ ಬೇರೆ ಬೇರೆಯವರ ಧ್ವನಿ ಅನುಕರಿಸುತ್ತ ಬಡಿಯುವ ದೃಶ್ಯವಿದೆಯಲ್ಲ, ಅದರಲ್ಲಿ ನಟನಿಗೆ ಅವಕಾಶ ಬೇಕು. ಆ ಚೀಲವನ್ನು ಕಂಡು ಕವಿ ಬುವಾಲೋ ಮೂಗು ಮುರಿದಿದ್ದ. ‘ಮಿಸಾಂತ್ರೋಪ್’ ಎಂಬ ಗಂಭೀರ ಧಾಟಿಯ ಹಾಸ್ಯನಾಟಕ ಬರೆದವನನ್ನು ಇಲ್ಲಿ ಗುರುತಿಸಲಾರೆ ಎಂದಿದ್ದ. ಪಂಡಿತರು ಮೂಗು ಮುರಿದ ಜಾಗದಲ್ಲೇ ಜನ ನಗುವುದು. ಅಲ್ಲಿ ನಿಮ್ಮ ಹುಡುಗ ಹಾಸನದ ಸಂತೆಯ ಧ್ವನಿಗಳನ್ನು ತರಲಿ. ಹಡಗಿನ ದೃಶ್ಯದಲ್ಲಿ ಮಾತ್ರ ಕೈಕಟ್ಟಿ ನಿಲ್ಲಲಿ, ಏಕೆಂದರೆ ಅಲ್ಲಿ ನಗು ಜೆರೋಂತ್‌ನದು, ಸ್ಕಾಪಿನ್‌ನ ಕೆಲಸ ಕೇಳಿಸಿಕೊಳ್ಳುವುದು.

ರಂಗಾಸಕ್ತ, ಹಾಸನ

ಇದನ್ನು ಮಾಡಿ ನೋಡಿದೆವು. ಹಡಗಿನ ದೃಶ್ಯದಲ್ಲಿ ಸೇರಿಕೊಂಡಿದ್ದ ಚೇಷ್ಟೆಗಳನ್ನೆಲ್ಲ ತೆಗೆದುಹಾಕಿ, ಚೀಲದ ದೃಶ್ಯಕ್ಕೆ ಮೂರನ್ನು ಮಾತ್ರ ಉಳಿಸಿಕೊಂಡು, ಆ ಮೂರನ್ನೂ ಅಳತೆ ಹಾಕಿ ಗಟ್ಟಿ ಮಾಡಿಕೊಂಡೆವು. ಒಂದು ವಾರ ತಾಲೀಮಿಗೆ ರಜೆಯನ್ನೂ ಕೊಟ್ಟೆವು. ನಿನ್ನೆ ಸಂಜೆ ಪಕ್ಕದ ಬೀದಿಯ ಏಳೆಂಟು ಮಂದಿಯನ್ನು, ನಾಟಕದ ಗಂಧವೇ ಇಲ್ಲದವರನ್ನು, ಕಾಫಿ ಕೊಡುತ್ತೇವೆಂದು ಕರೆದು ಕೂರಿಸಿದೆವು. ಜೆರೋಂತ್ ಮೂರನೆಯ ಸಲ ‘ಆ ಹಡಗಿಗೆ ಅವನು ಹೋದದ್ದಾದರೂ ಯಾಕೆ’ ಎಂದಾಗ, ನಮ್ಮ ಸ್ಕಾಪಿನ್ ಏನೂ ಮಾಡದೆ ಅವನ ಮುಖವನ್ನೇ ನೋಡುತ್ತ ನಿಂತಿದ್ದ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಜೆರೋಂತ್‌ಗಿಂತ ಮೊದಲೇ ಆ ಮಾತನ್ನು ನಾಲ್ಕನೆಯ ಸಲ ಹೇಳಿಬಿಟ್ಟರು.